ಅಪ್ಪನ ಕಾರಿನ ಪಟ್ಟಿಗಳು

ನಿಂತ ಲಾರಿಯ ಹಿಂದಿನ ಚಕ್ರದ ಬಳಿ ಎಂದಾದರೂ ಗಮನಿಸಿದ್ದೀರಾ? ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕುಳಿತಿರುತ್ತವೆ. ಇದೇ ಪಟ್ಟಿ ಸ್ಪ್ರಿಂಗ್. ಚಕ್ರ ಗುಂಡಿಗೆ ಇಳಿದಾಗ ಇದು ಬಾಗಿ ಪೆಟ್ಟನ್ನು ತಾನು ತಡೆದುಕೊಳ್ಳುತ್ತದೆ, ಆಮೇಲೆ ಮೊದಲಿನ ಆಕಾರಕ್ಕೆ ಮರಳುತ್ತದೆ.

ನಮ್ಮ ಅಪ್ಪ ಓಡಿಸುತ್ತಿದ್ದ ಅಂಬಾಸಡರ್ ಕಾರಿನ ಹಿಂಬದಿಯಲ್ಲೂ ಇಂಥವೇ ಇವೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು 2014ರಲ್ಲಿ ನಿಂತುಹೋಯಿತು. ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು. ನೋಡಿದರೆ ಎಡಗಡೆ ಎರಡು ಬೆರಳಿನಷ್ಟು ಕೆಳಗೆ ಕುಸಿದಿತ್ತು.

ಹೊಸ ಪಟ್ಟಿ ಹಾಕಿಸಿ ಎಂದರು ಕೆಲವರು. ನನಗೆ ಮನಸ್ಸಾಗಲಿಲ್ಲ. ಅಪ್ಪ ಕೈಯಿಂದಲೇ ಗ್ರೀಸ್ ಹಚ್ಚಿದ ಪಟ್ಟಿಗಳಲ್ಲವೇ? ಒಂದು ಅಂಗಡಿಯಲ್ಲಿ ತಣ್ಣಗಿದ್ದ ಪಟ್ಟಿಯನ್ನೇ ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸಿ ಕೊಟ್ಟರು. ಕಾರು ನೆಟ್ಟಗೆ ನಿಂತಿತು. ನಾನು ಹಿಗ್ಗಿದೆ. ನಾಲ್ಕೇ ತಿಂಗಳಲ್ಲಿ ಮತ್ತೆ ಎಡಕ್ಕೆ ವಾಲಿತು!

ಏಕೆ ಹೀಗಾಯಿತು? ಉಕ್ಕಿಗೆ ಒಂದು ಮಿತಿಯಿದೆ. ಅದರೊಳಗೆ ಬಾಗಿಸಿದರೆ ಮರಳಿ ಬರುತ್ತದೆ, ದಾಟಿದರೆ ಬಾಗಿದಂತೆಯೇ ಉಳಿಯುತ್ತದೆ. ಬರಿಯ ಸುತ್ತಿಗೆ ಆಕಾರವನ್ನು ತಿದ್ದಬಲ್ಲದೇ ಹೊರತು ಉಕ್ಕಿನ ಕಸುವನ್ನಲ್ಲ. ಸರಿಯಾಗಿ ಮಾಡುವುದಾದರೆ ಪಟ್ಟಿಯನ್ನು 850 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಟ್ಟಿಯಾಗುತ್ತದೆ, ಆದರೆ ಪೆಡಸೂ ಆಗುತ್ತದೆ. ಅದಕ್ಕಾಗಿ ಮತ್ತೆ 450ರಿಂದ 500 ಡಿಗ್ರಿಯವರೆಗೆ ಹದವಾಗಿ ಕಾಯಿಸುತ್ತಾರೆ.

ಹಾಗೆ ಮಾಡಿಸಲೆಂದೇ ಒಬ್ಬ ಹಳೆಯ ಮೇಸ್ತ್ರಿಯ ಬಳಿ ಹೋದೆ. ಎರಡು ದಿನ ಬಿಟ್ಟು ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವುದಿತ್ತು. ಅವರು ಪಟ್ಟಿಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಸೀಮೆಎಣ್ಣೆಯಲ್ಲಿ ನೆನೆಸಿದರು. ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದರು. ಸ್ವಲ್ಪ ಹೊತ್ತಿಗೆ ಉದ್ದನೆಯ ಮೇಲ್ಪಟ್ಟಿಯ ನಡುವೆ, ಬೋಲ್ಟಿನ ತೂತಿನ ಪಕ್ಕ, ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಅಡಗಿದ್ದ ಸೀಮೆಎಣ್ಣೆಯನ್ನು ಪುಡಿ ಹೀರಿಕೊಂಡಿತ್ತು! ಎಷ್ಟು ಸರಳ ಉಪಾಯ ನೋಡಿ.

"ಇದನ್ನ ಕಾಯಿಸಿದ್ರೂ ಬಿರುಕು ಕೂಡಲ್ಲಪ್ಪ," ಎಂದರು. "ಅಪ್ಪನ ಕಾರು ಅಂತ ಪಟ್ಟಿಗೆ ಗೊತ್ತಿರುತ್ತಾ?"

ಮೇಲ್ಪಟ್ಟಿಯೇ ಹಿಂದಿನ ಅಚ್ಚನ್ನು ಜಾಗದಲ್ಲಿ ಹಿಡಿದಿಡುವುದು. ಅದು ತಿರುವಿನಲ್ಲಿ ಮುರಿದಿದ್ದರೆ? ನನ್ನ ಬೆನ್ನಲ್ಲಿ ಬೆವರೊಡೆಯಿತು.

ಪಟ್ಟಿ ಲಕ್ಷಾಂತರ ಬಾರಿ ಬಾಗಿ ದಣಿದಾಗ ಇಂಥ ಬಿರುಕು ಹುಟ್ಟುತ್ತದೆ. ನೀವೂ ಇದನ್ನು ನೋಡಬಹುದು. ಒಂದು ತುಂಡು ಕಟ್ಟುವ ತಂತಿಯನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಾಗಿಸುತ್ತಾ ಎಣಿಸಿ. ಎಷ್ಟನೆಯ ಬಾರಿಗೆ ತುಂಡಾಯಿತು? ತುಂಡಾದ ಕೂಡಲೇ ಆ ಜಾಗ ಮುಟ್ಟಬೇಡಿ, ಬಿಸಿಯಿರುತ್ತದೆ, ತುದಿಯೂ ಚೂಪು. (ಪಟ್ಟಿಯಂತೂ ಇಷ್ಟು ಬೇಗ ಮುರಿಯುವುದಿಲ್ಲ. ತಂತಿಯನ್ನು ನಾವು ಮಿತಿ ದಾಟಿಸಿ ಬಾಗಿಸುತ್ತೇವೆ.)

ಕೊನೆಗೆ ಎರಡೂ ಕಡೆಗೆ ಅದೇ ಅಳತೆಯ ಹೊಸ ಪಟ್ಟಿಗಳನ್ನು ಮಾಡಿಸಿದೆ. ಒಂದೇ ಕಡೆ ಬದಲಿಸಿದರೆ ಕಾರು ಮತ್ತೆ ವಾಲುತ್ತದೆ. ಘಾಟಿ ಪ್ರಯಾಣ ಒಂದು ವಾರ ಮುಂದಕ್ಕೆ ಹೋಯಿತು, ಅಮ್ಮ ಗೊಣಗಿದರು.

ಹಳೆಯ ಪಟ್ಟಿಯ ಬಿರುಕಿಲ್ಲದ ತುದಿಯನ್ನು ಕುಲುಮೆಗೆ ಒಯ್ದು ಕತ್ತಿ ಮಾಡಿಸಿದೆ. ಈಗ ಅಮ್ಮ ಅದರಲ್ಲೇ ಎಳನೀರು ಕೆತ್ತುತ್ತಾರೆ.