ಸೋಗೆ ಮಿಶನ್ನೂ ಅಪ್ಪನ ಕೈಯೂ

ದೀಪಾವಳಿಗೆ ಊರಿಗೆ ಹೋಗಿದ್ದೆ. ಮನೆಗೆ ಬಂದು ಬ್ಯಾಗ್ ಇಡೋಷ್ಟರಲ್ಲಿ ತೋಟದ ಕಡೆಯಿಂದ 'ಡರ್ರ್ರ್...' ಅಂತ ಸದ್ದು. ಆಮೇಲೆ 'ಗುಂಯ್' ಅಂತ ಒಂದು ನರಳಾಟ. ಆಮೇಲೆ ಏನೂ ಇಲ್ಲ. "ಮತ್ತೆ ಕಟ್ಕೊಂಡ್ತು ನೋಡು" ಅಂದ್ಲು ಅಮ್ಮ, ಒಲೆ ಮುಂದಿನಿಂದಲೇ.

ಕಟ್ಟಿಕೊಂಡಿದ್ದು ಅಡಿಕೆ ಸೋಗೆ ಪುಡಿ ಮಾಡೋ ಮಿಶನ್ನು. ಕೆಲಸಕ್ಕೆ ಜನ ಸಿಗಲ್ಲ, ಕತ್ತಿಯಲ್ಲಿ ಕೊಚ್ಚಿ ಕೊಚ್ಚಿ ಅಪ್ಪನ ಭುಜ ಸೋತಿದೆ ಅಂತ ಹೋದ ವರ್ಷ ನಾನೇ ಕೊಡಿಸಿದ್ದು. ಇಡೀ ಸೋಗೆ ಕೊಳೆಯೋಕೆ ತುಂಬಾ ಕಾಲ ಬೇಕು. ಪುಡಿ ಮಾಡಿ ಸಗಣಿ ಜೊತೆ ಗುಂಡಿಗೆ ಹಾಕಿದ್ರೆ ಬೇಗ ಗೊಬ್ಬರ ಆಗತ್ತೆ. ದುಡ್ಡು ಕಳಿಸಿ, ಮಗನ ಕರ್ತವ್ಯ ಮುಗೀತು ಅಂತ ಬೀಗಿದ್ದೆ ಬೇರೆ!

ತೋಟಕ್ಕಿಳಿದು ನೋಡ್ತೀನಿ, ಅಪ್ಪ ಮಿಶನ್ನಿನ ಬಾಯೊಳಗೆ ಮೊಣಕೈವರೆಗೂ ಕೈ ಹಾಕಿ ಹಸಿ ಹಾಳೆ ಜಗ್ಗುತ್ತಿದ್ದಾನೆ.

"ಅಪ್ಪಾ, ಕೈ ತೆಗಿ!"

"ಆಫ್ ಆಗಿದೆ ಮಾರಾಯ, ದಿನಾ ಹೀಗೇ ತೆಗೆಯೋದು" ಅಂದ.

ಆಫ್ 'ಆಗಿತ್ತು', ನಿಜ. ಆದರೆ ಆಫ್ 'ಮಾಡಿರಲಿಲ್ಲ'. ಸ್ವಿಚ್ಚು ಇನ್ನೂ ಆನ್ ಇತ್ತು! ನಮ್ಮ ಮಿಶನ್ನಿನಲ್ಲಿ ಬ್ಲೇಡು ನೇರವಾಗಿ ಇಂಜಿನ್ನಿನ ಶಾಫ್ಟಿಗೇ ಕೂತಿರೋದು. ಹಾಳೆ ಜಗ್ಗಿದ್ರೆ ಬ್ಲೇಡು ತಿರುಗತ್ತೆ, ಬ್ಲೇಡು ತಿರುಗಿದ್ರೆ ಇಂಜಿನ್ನೂ ತಿರುಗತ್ತೆ. ಪ್ಲಗ್ಗಿನಲ್ಲಿ ಒಂದು ಕಿಡಿ ಹಾರಿದ್ರೆ ಸಾಕು... ಮುಂದಿನದ್ದು ಯೋಚಿಸೋಕೂ ಆಗಲಿಲ್ಲ. ಇಂಜಿನಿಯರಿಂಗ್ ಓದಿದ ಮಗ ಮಿಶನ್ನಿನ ಜೊತೆ ಬಂದ ಪುಸ್ತಕವನ್ನ ಒಂದು ಸಲ ಓದಿ ಹೇಳಿರಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು, ಅಪ್ಪ ಅದನ್ನ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದ.

ಸಂಜೆ ಇಬ್ಬರೂ ಕೂತ್ವಿ. ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕೆ. ಮುಚ್ಚಳ ಬಿಚ್ಚಿದ್ರೆ ಹಾಳೆಯ ನಾರು ಶಾಫ್ಟಿಗೆ ಹಗ್ಗದ ಥರ ಹೊಸೆದುಕೊಂಡಿದೆ. ಕೈ ಹಾಕದೆ, ಕೋಲು, ಇಕ್ಕಳ ಹಿಡಿದು ಬಿಡಿಸಿದ್ವಿ. ಬ್ಲೇಡು ನೋಡಿದ್ರೆ ಊಟದ ಚಮಚದಷ್ಟು ಮೊಂಡು! ಮೊಂಡು ಬ್ಲೇಡು ನಾರನ್ನ ಕತ್ತರಿಸಲ್ಲ, ಜಜ್ಜತ್ತೆ. ಜಜ್ಜಿದ ನಾರು ಸುತ್ತಿಕೊಳ್ಳತ್ತೆ. ಬಗ್ ಸಿಕ್ಕಿತ್ತು :-)

ಬ್ಲೇಡಿಗೆ ಎರಡೂ ಕಡೆ ಬಾಯಿತ್ತು, ತಿರುಗಿಸಿ ಹಾಕಿದ್ವಿ. ಮಾರನೇ ದಿನ ಒಂದೊಂದೇ ಪ್ರಯೋಗ. ಇಂಜಿನ್ ಪೂರ್ತಿ ವೇಗಕ್ಕೆ ಬಂದ ಮೇಲಷ್ಟೇ ಸೋಗೆ ಕೊಡಬೇಕು. ದಪ್ಪ ಬುಡ ಮೊದಲು, ತುದಿ ಆಮೇಲೆ. ಮಳೆಯಲ್ಲಿ ನೆಂದ ಹಾಳೆ ಸೀಳಿ, ಒಣಗಿದ ಸೋಗೆಯ ಮಧ್ಯೆ ಒಂದೊಂದೇ ಹಾಕಬೇಕು. ಇಂಜಿನ್ ಸದ್ದು ಇಳಿದ ತಕ್ಷಣ ಕೊಡೋದು ನಿಲ್ಲಿಸಿ, ಅದು ಸುಧಾರಿಸಿಕೊಳ್ಳೋಕೆ ಬಿಡಬೇಕು. ಪುಡಿ ಬೀಳೋ ಕಡೆ ರಾಶಿ ಬೆಳೆದು ಬಾಯಿ ಮುಚ್ಚದ ಹಾಗೆ ಎಳೆದು ಹಾಕ್ತಾ ಇರಬೇಕು. ಕೊನೆಗೆ ಒಳಗಿರೋದೆಲ್ಲ ಹೊರಗೆ ಬೀಳೋವರೆಗೂ ಖಾಲಿ ಓಡಿಸಿ ನಿಲ್ಲಿಸಬೇಕು. ಇಲ್ಲಾಂದ್ರೆ ಮಾರನೇ ದಿನ ಅದೇ ಗಟ್ಟಿಯಾಗಿ ಕೂತಿರತ್ತೆ. ಮಣ್ಣು ಮೆತ್ತಿದ ಬೇರಂತೂ ಬೇಡವೇ ಬೇಡ, ಬ್ಲೇಡು ಹಾಳು.

ಮಧ್ಯಾಹ್ನದವರೆಗೆ ಒಂದೇ ಸಲ ಕಟ್ಟಿಕೊಂಡಿತು. ಅಪ್ಪ ನನ್ನ ಮುಖ ನೋಡಿದ. ಸ್ವಿಚ್ ಒತ್ತಿದ, ಕ್ಯಾಪ್ ಕಿತ್ತ, ಕೋಲು ತಗೊಂಡ. ಏನೂ ಮಾತಾಡಲಿಲ್ಲ.

ವಾಪಸ್ ಹೊರಡೋ ಮುಂಚೆ ಮಿಶನ್ನಿನ ಮೇಲೆ ಕೆಂಪು ಪೇಂಟಲ್ಲಿ ದೊಡ್ಡದಾಗಿ ಬರೆದೆ: "ಮೊದಲು ಕ್ಯಾಪ್, ಆಮೇಲೆ ಕೋಲು. ಕೈ ಬೇಡ."

ಈಗ ರಾತ್ರಿ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳೋದು "ಇವತ್ತು ಕ್ಯಾಪ್ ಕಿತ್ಯಾ?" ಅಂತಲೇ. "ಊಟ ಆಯ್ತಾ ಅಂತ ಕೇಳೋದು ಬಿಟ್ಟು ಇದೇನೋ ನಿಂದು" ಅಂತ ಬೈತಾನೆ. ಬೈಯಲಿ ಬಿಡಿ. ಫೋನ್ ಹಿಡಿದಿರೋ ಆ ಕೈಯಲ್ಲಿ ಐದೂ ಬೆರಳಿವೆಯಲ್ಲ, ನಂಗಷ್ಟು ಸಾಕು.

ನಿಮ್ಮನೆಯಲ್ಲೂ ಇಂಥದ್ದೊಂದು ಮಿಶನ್ ಇದ್ರೆ, ಈ ಸಲ ಊರಿಗೆ ಹೋದಾಗ ಅದರ ಪುಸ್ತಕ ಹುಡುಕಿ ಓದಿ ಹೇಳಿ, ಆಯ್ತಾ?