ಬಾವಿ ಯಾರ ಕಣ್ಣಿಗೆ?

ನಮ್ಮ ಮಹದೇವಪುರದ ಸರ್ಕಾರಿ ಶಾಲೆಯ ಅಂಗಳದಲ್ಲಿ ಒಂದು ಬಾವಿ ತೋಡಬೇಕೆಂದಿದ್ದೇನೆ. ಗುದ್ದಲಿ ಬೇಡ, ಬಣ್ಣ ಸಾಕು. ಮಕ್ಕಳ ದಿನಾಚರಣೆಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಾಗ ತಟ್ಟನೆ ಹೊಳೆದದ್ದು ಇದು. ಗುರುತು ಹಾಕಿದ ಜಾಗದಲ್ಲಿ ನಿಂತರೆ ಕಲ್ಲು ಕಟ್ಟಿದ ಬಾವಿ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಸೊಟ್ಟಪಟ್ಟ ಗೀಟುಗಳು.

ಈ ಹುಚ್ಚು ಹತ್ತಿಸಿದವರು ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಅವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದ್ದು ಅನೇಕರಿಗೆ ನೆನಪಿರಬಹುದು. ನನಗೆ ಹೆಚ್ಚು ಇಷ್ಟವಾದದ್ದು 2019ರ ಸೆಪ್ಟೆಂಬರ್‌ನದು. ಚಂದ್ರಯಾನ-2ರ ಲ್ಯಾಂಡರ್ ಇಳಿಯಲು ಕೆಲವೇ ದಿನ ಬಾಕಿ. ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ಉಡುಪು ತೊಟ್ಟು ಹೇರೋಹಳ್ಳಿ ಕಡೆಯ ರಸ್ತೆಗುಂಡಿಗಳ ನಡುವೆ ತೇಲಿದ ಹಾಗೆ ನಡೆಯುತ್ತಾರೆ. ಚಂದ್ರನೇ ಸರಿ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಆಟೊ ಹಾದುಹೋಗುತ್ತದೆ! ಗುಂಡಿಗಳು ಮೊದಲೇ ಇದ್ದವು. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಎಷ್ಟು ತೋರಿಸಬೇಕು ಎಂಬುದರಲ್ಲಿತ್ತು ಜಾಣತನವೆಲ್ಲ.

ನನ್ನ ಬಾವಿಯದೂ ಅದೇ ಲೆಕ್ಕ. ನೋಡುವವರ ಕಣ್ಣು ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಬಾವಿಯ ಹತ್ತಿರದ ಅಂಚು 3 ಮೀಟರ್ ದೂರ, ಆಚೆಯ ಅಂಚು ನಾಲ್ಕೂವರೆ ಮೀಟರ್. ಆಗ ಎದುರು ಗೋಡೆ ಕಾಣುವುದು ಮುಕ್ಕಾಲು ಮೀಟರ್ ಆಳದವರೆಗೆ ಮಾತ್ರ. ನೀರು ತೋರಿಸುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಗ್ರಾಫ್ ಹಾಳೆ ಹರವಿಕೊಂಡು ಕೂತಿದ್ದಾಗ ಅಪ್ಪ ಬಂದು ಬಗ್ಗಿ ನೋಡಿದರು. ಅಪ್ಪ ಟರ್ನರ್ ಆಗಿದ್ದವರು. ಇಲ್ಲಿನ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಲೇತ್ ಮುಂದೆ ಇಪ್ಪತ್ತೆರಡು ವರ್ಷ ನಿಂತವರು. ಡ್ರಾಯಿಂಗ್ ಓದುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

"150 ಯಾರ ಎತ್ತರ ಮಗಾ?"

"ನನ್ನ ಕಣ್ಣಿನ ಎತ್ತರ ಅಪ್ಪಾ. ಫೋಟೊ ತೆಗೆಯೋರು ಹೆಚ್ಚುಕಮ್ಮಿ ಇಷ್ಟೇ ಇರ್ತಾರೆ."

"ಸ್ಕೂಲಲ್ಲಿ ನೋಡೋರು ಫೋಟೊದವರಾ?"

ನಾಚಿಕೆಯಾಯಿತು. ನಾಲ್ಕನೇ ತರಗತಿಯ ಹುಡುಗಿಯ ಕಣ್ಣು 120ರಲ್ಲಿದ್ದರೆ, ನಾನು ಬರೆದ ಬಾವಿ ಅವಳಿಗೆ ಐದರಲ್ಲಿ ಒಂದು ಪಾಲು ಪೂರಿಹೋಗಿರುತ್ತದೆ, ಕಲ್ಲುಗಳೂ ಚಪ್ಪಟೆ. ಮಕ್ಕಳಿಗೆಂದು ಹೊರಟವಳು ನಾನು ಮನಸ್ಸಿನಲ್ಲೇ ಇನ್‌ಸ್ಟಾಗ್ರಾಮಿಗೆ ಬರೆಯುತ್ತಿದ್ದೆ.

ಲೆಕ್ಕ ಬದಲಿಸಿ, ಭಾನುವಾರ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿದೆವು. ಮೊಳೆ, ದಾರ, ಟೇಪು ಎಲ್ಲ ಅಪ್ಪನವೇ. ಮೊಣಕಾಲು ಮಡಿಸಿ 120ಕ್ಕೆ ಕಣ್ಣು ತಂದುಕೊಂಡ ಅಪ್ಪ, "ಬಿದ್ದುಬಿಟ್ಟೇನು ಅನ್ಸುತ್ತೆ" ಎಂದು ನಕ್ಕರು. ನಾನು ಅದೇ ಜಾಗದಲ್ಲಿ ಕೂತು ನೋಡಿದರೆ ಸುಣ್ಣದ ಗೀಟು ಗೀಟಾಗಿಯೇ ಕಾಣುತ್ತಿತ್ತು. ಫೋನ್ ಎತ್ತಿ ನೋಡಿದೆ: ಬಾವಿ!

ಕಾರಣ ಓದಿದ್ದೆ, ಆದರೆ ಮನೆಯೊಳಗೆ ಅದನ್ನು ಯೋಚಿಸಿರಲಿಲ್ಲ. ಎರಡು ಕಣ್ಣುಗಳು ಸುಮಾರು 6 ಸೆಂಟಿಮೀಟರ್ ದೂರದಲ್ಲಿದ್ದು ಬೇರೆಬೇರೆ ಚಿತ್ರ ಹಿಡಿಯುತ್ತವೆ. ಆ ವ್ಯತ್ಯಾಸದಿಂದಲೇ ನೆಲ ಚಪ್ಪಟೆ ಎಂಬ ಗುಟ್ಟು ರಟ್ಟಾಗುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಅಪ್ಪನಿಗೂ. ಹನ್ನೊಂದು ವರ್ಷದ ಹಿಂದೆ ಲೇತಿನಿಂದ ಸಿಡಿದ ಕಬ್ಬಿಣದ ಚೂರು ಎಡಗಣ್ಣನ್ನು ಕೊಂಡೊಯ್ದಿತ್ತು. ಆಮೇಲೆ ಬಹಳ ದಿನ ಕಾಫಿ ಲೋಟದ ಪಕ್ಕಕ್ಕೆ ಚೆಲ್ಲುತ್ತಿತ್ತು. ಒಂದು ದಿನದಿಂದ ಚೆಲ್ಲುವುದು ನಿಂತಿತು. ಲೋಟದ ಅಂಚಿಗೆ ಹೆಬ್ಬೆರಳು ತಾಗಿಸಿಕೊಂಡು ಬಗ್ಗಿಸುತ್ತಾರೆ ಎಂದು ನಾನು ಗಮನಿಸಿದ್ದೇ ಎಷ್ಟೋ ವರ್ಷದ ಮೇಲೆ. ಅಮ್ಮ ಅವರಿಗೆ ಅಜಾಗರೂಕ ಎಂದು ಬೈದದ್ದೂ ಉಂಟು.

ಅಮ್ಮ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಳು. ಗುರುತಿನ ಮೇಲೆ ಕೂರಿಸಿ ತೋರಿಸಿದೆ. "ನೆಲದ ಮೇಲೆ ಏನೋ ಗೀಚಿದ್ದೀಯ" ಎಂದಳು.

"ಒಂದು ಕಣ್ಣು ಮುಚ್ಚಿ ನೋಡೇ," ಎಂದರು ಅಪ್ಪ.

ಅಮ್ಮ ಎಡಗಣ್ಣಿಗೆ ಅಂಗೈ ಒತ್ತಿಕೊಂಡಳು. ತುಸು ಹೊತ್ತು ಮಾತಾಡಲಿಲ್ಲ. ಇನ್ನೊಂದು ಕೈಯನ್ನು ಮುಂದಕ್ಕೆ ಚಾಚಿ, ಅಂಚು ಎಲ್ಲಿದೆಯೆಂದು ತಡಕಿದಳು.

"ಇಷ್ಟು ವರ್ಷ ಹೀಗೇ ಏನ್ರೀ?" ಎಂದಳು. ಕೈ ತೆಗೆಯಲಿಲ್ಲ.

ನಾಳೆ ಶಾಲೆಗೆ ಟೇಪು ಹಿಡಿದು ಹೋಗಬೇಕು. ನಾಲ್ಕನೇ ತರಗತಿಯವರನ್ನು ಸಾಲಾಗಿ ನಿಲ್ಲಿಸಿ ಅಳೆಯಬೇಕು. ಅಪ್ಪನೂ ಬರುತ್ತಾರಂತೆ.