ಬ್ರೇಕಿನ ಮೇಲೆ ಯಾರ ಕಾಲು?

ಹೋದ ವರ್ಷ ನಮ್ಮ ಯಜಮಾನರಿಗೆ ಕಣ್ಣಿನ ಶಸ್ತ್ರಕ್ರಿಯೆ ಆಯಿತು. ಕೆಲವು ವಾರ ಕಾರು ನಡೆಸಬಾರದೆಂದು ಡಾಕ್ಟರರು ಹೇಳಿದರು. ಮಗ ಪುಣೆಯಲ್ಲಿ. ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಗೆ ಮಾಲು ತರಲಿಕ್ಕೂ, ಅತ್ತೆಯವರನ್ನು ದವಾಖಾನೆಗೆ ತೋರಿಸಲಿಕ್ಕೂ ಸುಮಾರು 40 ಕಿ.ಮೀ. ದೂರದ ಸೊಲ್ಲಾಪುರಕ್ಕೇ ಹೋಗಬೇಕು. ಬಾಗಿಲಲ್ಲಿ ಸ್ವಂತ ಕಾರು ನಿಂತಿರುವಾಗ ಬಾಡಿಗೆ ಗಾಡಿ ಕರೆಯುವ ಪರಿಸ್ಥಿತಿ. ನನ್ನ ನಲವತ್ತೊಂಬತ್ತನೆಯ ವಯಸ್ಸಿಗೆ ಡ್ರೈವಿಂಗ್ ಕಲಿಯಲು ಹೊರಟೆ.

ಶಾಲೆಯಲ್ಲಿ ಎರಡು ಬಗೆ ಇದ್ದವು. ಒಬ್ಬರಿಗೇ ಆದರೆ ದಿನಕ್ಕೆ ಅರ್ಧ ಗಂಟೆ. ಮೂವರು ಕೂಡಿ ಕಲಿತರೆ ಒಂದು ಗಂಟೆ, ಶುಲ್ಕವೂ ಕಡಿಮೆ. ಈ ವಯಸ್ಸಿನಲ್ಲಿ ಹುಡುಗರ ಎದುರು ನಗೆಪಾಟಲು ಏಕೆಂದು ಹೆಚ್ಚು ಹಣ ಕೊಟ್ಟು ಒಬ್ಬಳೇ ಸೇರಿದೆ. ಸಂಜೆ ಹೊತ್ತು ಮುಳುಗುವ ಮೊದಲೇ ಊಟವಾಗಬೇಕಾದ ಮನೆ ನಮ್ಮದು, ಆದ್ದರಿಂದ ಬೆಳಗಿನ ಪಾಠ. ಮಾಸ್ತರರು ಮರಾಠಿಯಲ್ಲಿ "ಹಳೂ, ಹಳೂ" ಎನ್ನುತ್ತಿದ್ದರು, ಗಾಡಿ ಮೆಲ್ಲಗೆ ನಿಲ್ಲುತ್ತಿತ್ತು. ಹತ್ತು ದಿನಗಳಲ್ಲಿ ಎಲ್ಲ ಬಂತೆಂದುಕೊಂಡೆ.

ಒಂದು ಭಾನುವಾರ ಲೈಸೆನ್ಸ್ ಇರುವ ಮೈದುನನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು, ಕೆಂಪು 'ಎಲ್' ಅಕ್ಷರದ ಫಲಕ ಕಟ್ಟಿ, ಮನೆಯ ಕಾರನ್ನು ಊರ ಹೊರಗೆ ತೆಗೆದೆ. ಸೈಕಲ್ ಮೇಲಿನ ಹುಡುಗನೊಬ್ಬ ಅಡ್ಡ ಬಂದ. ನಾನು ಕಂಡೆ, ಆದರೆ ಕಾಲು ಏಳಲಿಲ್ಲ. ಗಾಡಿ ತಾನೇ ನಿಲ್ಲುವುದೆಂಬಂತೆ ಕುಳಿತಿದ್ದೆ! ಮೈದುನ ಹ್ಯಾಂಡ್‌ಬ್ರೇಕ್ ಎಳೆದ. ಹುಡುಗನಿಗೂ ಗಾಡಿಗೂ ನಡುವೆ ಒಂದು ಗೇಣು ಉಳಿದಿತ್ತು. ಇರುವೆಯ ಸಾಲು ಕಂಡರೂ ಸರಿದು ನಡೆಯುವ ಮನೆಯಲ್ಲಿ ಬೆಳೆದವಳು ನಾನು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನು ಸಾಕೆನಿಸಿತು.

ಮರುದಿನ ಹೇಳಿಬರಲು ಹೋದರೆ ನನ್ನ ಪಾಠದ ಗಾಡಿ ರಿಪೇರಿಗೆ ಹೋಗಿತ್ತು. "ಇವತ್ತೊಂದು ದಿನ ಇವರ ಜೊತೆ ಕೂಡ್ರಿ" ಎಂದು ಮಾಸ್ತರರು ಒತ್ತಾಯಿಸಿ ಹಿಂದೆ ಕೂಡ್ರಿಸಿದರು. ಕಾಲೇಜು ಹುಡುಗಿಯೊಬ್ಬಳು ನಡೆಸುತ್ತಿದ್ದಳು. ಅವಳ ಹಿಂದಿನ ಸೀಟಿನಿಂದ ಓರೆಯಾಗಿ ನೋಡಿದಾಗ ಮಾಸ್ತರರ ಕಾಲು ಕಂಡಿತು. ಕಲಿಸುವ ಗಾಡಿಯಲ್ಲಿ ಅವರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಹುಡುಗಿಗಿಂತ ಮೊದಲೇ ಪ್ರತಿ ಸಲವೂ ಅವರೇ ಅದನ್ನು ಒತ್ತುತ್ತಿದ್ದರು.

"ಕಾಕು, ನಾ ಹೆಂಗ ಹೊಡದೆ?" ಎಂದು ಅವಳು ಕೇಳಿದಳು.

"ನೀ ಎಲ್ಲಿ ಹೊಡದೆವ್ವಾ, ಮಾಸ್ತರರು ಹೊಡದ್ರು!" ಎಂದೆ. ಎಲ್ಲರೂ ನಕ್ಕರು, ಮಾಸ್ತರರೂ ನಕ್ಕರು. ನನಗೆ ಮಾತ್ರ ಭಾನುವಾರದ ತಪ್ಪಿನ ಮೂಲ ತಿಳಿಯಿತು.

ಆ ಬಳಿಕ ಒಂದು ಕರಾರು ಮಾಡಿಕೊಂಡೆವು. ಮಾಸ್ತರರು ಮೊದಲು ಬಾಯಿಂದ ಹೇಳಬೇಕು, ಅಪಾಯ ಎದುರಾದರೆ ಮಾತ್ರ ಕಾಲು ಇಡಬೇಕು, ಎಷ್ಟು ಸಲ ಇಟ್ಟರೆಂದು ಕೊನೆಗೆ ಹೇಳಬೇಕು. ನನ್ನ ಲೆಕ್ಕ ಮೊದಲ ದಿನ ಹನ್ನೊಂದು. ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ಕಿಕ್ಕಿರಿಯುವ ಒಂದು ಗುರುವಾರ ಅದು ಸೊನ್ನೆಗೆ ಬಂತು.

ಹಾಗಾದರೆ ಕೂಡಿ ಕಲಿಯುವುದೇ ಮೇಲೋ? ವ್ಯಾಪಾರಸ್ಥರಾದ ನಾವು ಲೆಕ್ಕ ಹಾಕಿಯೇ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಸಾಮಾನ್ಯ ಶಾಲೆಯಲ್ಲಿ ಕಾರಿನ ಪಾಠ ಕನಿಷ್ಠ 21 ದಿನ ನಡೆಯಬೇಕು, ಕಲಿಯುವವರು ತಾವೇ ಗಾಡಿ ನಡೆಸಿದ ವೇಳೆ 10 ಗಂಟೆಗೆ ಕಡಿಮೆ ಇರಬಾರದು. ಒಂದು ಗಂಟೆಯನ್ನು ಮೂವರು ಹಂಚಿಕೊಂಡರೆ ಒಬ್ಬರಿಗೆ ದಿನಕ್ಕೆ 20 ನಿಮಿಷ, 21 ದಿನಕ್ಕೆ 7 ಗಂಟೆ ಮಾತ್ರ. ಒಬ್ಬರೇ ಅರ್ಧ ಗಂಟೆ ಕಲಿತರೆ ಹತ್ತೂವರೆ ಗಂಟೆ. ಅಂದರೆ ಅಗ್ಗದ ಪಾಠದ ತೂಕದಲ್ಲಿ ಮೂರು ಗಂಟೆ ಕಡಿಮೆ. ಪ್ರತಿಯೊಬ್ಬರು ನಡೆಸಿದ ವೇಳೆಯನ್ನು ಶಾಲೆಯವರು ವಹಿಯಲ್ಲಿ ಬರೆದಿಡಬೇಕು. ಅದನ್ನು ಕೇಳಿ ನೋಡಲು ಸಂಕೋಚ ಬೇಡ.

ನನ್ನ ಅನುಭವದಲ್ಲಿ ಕೈ ಪಳಗಲು ಒಬ್ಬರೇ ಕಲಿಯಬೇಕು, ಕಣ್ಣು ತೆರೆಯಲು ನಾಲ್ಕಾರು ದಿನ ಹಿಂದಿನ ಸೀಟಿನಲ್ಲಿ ಕೂಡ್ರಬೇಕು. ಮನೆಯ ಸೊಸೆ, ಮಗಳನ್ನು ಕಲಿಯಲು ಕಳಿಸುವ ಹಿರಿಯರು ಶುಲ್ಕ ಎಷ್ಟೆಂದು ಕೇಳುವ ಜೊತೆಗೆ, "ಬ್ರೇಕಿನ ಮೇಲೆ ಯಾರ ಕಾಲು ಇತ್ತು?" ಎಂದೂ ಕೇಳಲಿ.

ಈಗ ಸೊಲ್ಲಾಪುರಕ್ಕೆ ಅತ್ತೆಯವರನ್ನು ನಾನೇ ಕರೆದೊಯ್ಯುತ್ತೇನೆ. ಮೊದಮೊದಲು ಅವರು ದಾರಿಯುದ್ದಕ್ಕೂ ಗಟ್ಟಿಯಾಗಿ ಣಮೋಕಾರ ಜಪಿಸುತ್ತಿದ್ದರು. ಈಚೆಗೆ ಊರು ದಾಟುವುದರೊಳಗೆ ನಿದ್ದೆ ಹೋಗುತ್ತಾರೆ.